ಬಯಲಿಗೆ ಬಂದ ಗುರಿಗೆ

ಬೆಳಗಿನ ಪೂಜೆ ಮುಗಿಸಿ ಹಿತ್ತಿಲ ಬಾಗಿಲಿಗೆ ಬಂದ ಚಂದ್ರಯ್ಯನ ಕಣ್ಣು ಮೊದಲು ಹೋದದ್ದು ಗುರಿಗೆ ಗಿಡದ ಬುಡಕ್ಕೆ. ಮಣ್ಣಿನ ಮೇಲೆ ವಿಭೂತಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ದಾಕ್ಷಾಯಣಮ್ಮ ಇವತ್ತೂ ಸುರಿದಿದ್ದಾಳೆ. ಲಿಂಗಕ್ಕೆ ಎರೆದ ನೀರನ್ನು ತುಳಿದಾಡುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು, ಅದು ಸರಿ. ಅದಕ್ಕೆಂದೇ ಬಾವಿಯ ಪಕ್ಕ ಬಿಲ್ವಪತ್ರೆ ಮರವಿದೆ, ಗೋಡೆಯ ಮಗ್ಗುಲಿಗೆ ಕಣಗಿಲೆಯಿದೆ. ಅವನ್ನೆಲ್ಲ ದಾಟಿಕೊಂಡು ಬಂದು ಇದರ ಬುಡಕ್ಕೇ ಹಾಕುತ್ತಾಳೆ. ಬೂದಿ ಬೆರೆತ ನೀರು ಈ ಗಿಡಕ್ಕೆ ಆಗುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ, ಮೋಡ ಮೈಗೆ ಉಜ್ಜಿಕೊಂಡು ಹೋಗುವ ಕಡೆ ಹುಟ್ಟಿದ್ದು. ಚನ್ನರಾಯಪಟ್ಟಣದ ಸವಳು ನೀರನ್ನೇ ತಾಳದು, ಇನ್ನು ವಿಭೂತಿ ತಾಳುತ್ತದೆಯೇ! ಎಲೆಗಳ ಅಂಚು ಕಂದಿ ಸುರುಟಿಕೊಂಡಿತ್ತು. ಗಿಡ ತಂದ ವರ್ಷವೇ ಅವನು ಇದನ್ನು ಹೆಂಡತಿಗೆ ಗದರಿ ಹೇಳಿದ್ದ, ಅವಳೂ ಕೇಳಿದ್ದಳು. ದೊಡ್ಡ ಮಗಳು ನೀಲಾಂಬಿಕೆ ತೀರಿಹೋದ ಮೇಲೆ ಮತ್ತೆ ಶುರುಮಾಡಿದಳು. ಮೊದಲ ದಿನ ಕಂಡಾಗ ಅವನ ಗಂಟಲವರೆಗೂ ಬೈಗುಳ ಬಂದಿತ್ತು. ಅವಳು ತಿರುಗಿಯೂ ನೋಡದೆ, ತಂಬಿಗೆ ಬಗ್ಗಿಸುತ್ತಲೇ ಅಂದಳು: "ಅಲ್ಲಿ ಅವಳ ಸಮಾಧಿಗೆ ಒಂದು ತಂಬಿಗೆ ನೀರು ಹಾಕೋರು ಯಾರಿದ್ದಾರೆ?" ಚಂದ್ರಯ್ಯ ಬಾಯಿ ಮುಚ್ಚಿಕೊಂಡ. ಅಲ್ಲಿಂದ ದಿನವೂ ನೋಡುತ್ತಾನೆ, ದಿನವೂ ಮುಚ್ಚಿಕೊಳ್ಳುತ್ತಾನೆ.

ಇವತ್ತು ಅವರು ಬರುವ ದಿನ. ಹಾಸನದಿಂದ ಬರುವ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಎಲ್ಲಿ ಕೆಡುತ್ತದೋ, ಎಲ್ಲಿ ಇಳಿದು ನೂಕಬೇಕೋ, ಯುದ್ಧ ಶುರುವಾದ ಮೇಲೆ ಹೊತ್ತಿಗೆ ಸರಿಯಾಗಿ ಬಂದದ್ದೇ ಇಲ್ಲ. ಆದರೂ ಊಟದ ಹೊತ್ತಿಗೆ ಬಂದೇ ಬರುತ್ತಾರೆ. ಅಳಿಯ ಗೌರೀಶಂಕರ, ಅವನ ದೊಡ್ಡಪ್ಪ ಗುಂಡಯ್ಯ. ಬರುವುದು ಯಾಕೆಂದು ಊರಿಗೆಲ್ಲ ಗೊತ್ತು. ನೀಲ ತೀರಿ ವರ್ಷ ಕಳೆದಿದೆ, ಇದ್ದ ನೆಂಟಸ್ತಿಕೆ ಕಡಿದುಹೋಗಬಾರದು, ಅಕ್ಕನ ಮನೆಗೆ ತಂಗಿಯೇ ದೀಪ ಹಚ್ಚಲಿ, ರೇವಮ್ಮನನ್ನು ಕೊಡಿ. ಎಲ್ಲ ಕಡೆ ನಡೆಯುವ ಪದ್ಧತಿಯೇ. ಕೇಳಿಕಳಿಸಿದಾಗ ಚಂದ್ರಯ್ಯ ಏನು ಹೇಳಬೇಕಿತ್ತು? "ಬನ್ನಿ, ಕೂತು ಮಾತಾಡೋಣ" ಅಂದುಬಿಟ್ಟ. ಅಂದದ್ದು ಅವನಲ್ಲ, ಅವನ ನಾಲಗೆ. ಜವಳಿ ಅಂಗಡಿಯ ನಾಲಗೆ. ಅಂಗಡಿಯಲ್ಲಿ ಕೂತವನು 'ಇಲ್ಲ' ಅನ್ನಬಾರದು, ಲಕ್ಷ್ಮಿ ಎದ್ದು ಹೋಗ್ತಾಳೆ ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಇಲ್ಲದ ಸೀರೆ ಕೇಳಿದರೆ ನಾಳೆ ಬನ್ನಿ ಅನ್ನು, ಬರ್ತಾ ಇದೆ ಅನ್ನು, ಅದಕ್ಕಿಂತ ಚೆನ್ನಾಗಿರೋದು ತೋರಿಸ್ತೀನಿ ಅನ್ನು. ಈಗ ಬಟ್ಟೆಗೂ ಸರ್ಕಾರದ ಕಂಟ್ರೋಲು ಬಂದು ಅಂಗಡಿಯ ಬೀರುಗಳು ಬಾಯಿ ಬಿಟ್ಟುಕೊಂಡು ಖಾಲಿ ನಿಂತಿವೆ. ನುಗ್ಗೇಹಳ್ಳಿಯಿಂದ ನಡೆದು ಬಂದ ರೈತ ಮಗಳ ಮದುವೆಗೊಂದು ಪಂಚೆ ಕೇಳಿದರೆ, ಬೀರು ಕಣ್ಣೆದುರಿಗೇ ಇದ್ದರೂ, ಚಂದ್ರಯ್ಯ "ನಾಳೆ ಬಾರಯ್ಯ" ಅನ್ನುತ್ತಾನೆ. ಮನೆಯಲ್ಲೂ ಹಾಗೆಯೇ. ಅಕ್ಕಿ ಮುಗಿದರೆ ದಾಕ್ಷಾಯಣಮ್ಮ ಅಕ್ಕಿ ಹೆಚ್ಚಿದೆ ಅನ್ನುತ್ತಾಳೆ. ಹೆಚ್ಚಿದೆ, ಹೆಚ್ಚಿದೆ ಅನ್ನುತ್ತಲೇ ಮನೆ ಬರಿದಾಯಿತು.

ಅಂಗಳ ಗುಡಿಸುತ್ತಿದ್ದ ಲಕ್ಕಮ್ಮ ಪೊರಕೆ ನಿಲ್ಲಿಸಿ ನೋಡಿದಳು. ಇವಳೊಬ್ಬಳು, ಕೇಳಬಾರದ್ದನ್ನೇ ಕೇಳುವವಳು.

"ಚಿಕ್ಕವ್ವನ್ನೂ ಅಲ್ಲಿಗೇ ಕೊಡ್ತೀರಂತಲ್ಲಾ ಬುದ್ಧಿ, ಅವುದಾ?"

"ನಿಂಗ್ಯಾಕಮ್ಮ ಅದೆಲ್ಲ. ಗುಡಿಸು."

"ಅಲ್ಲಾ, ಆ ಸೀಮೆ ಚಳಿಜ್ವರ ಯಾರ್ನ ಬುಟ್ಟದೆ ಬುದ್ಧಿ? ನಮ್ ಕೇರಿಯೋರು ಅತ್ಲಾಗೆ ತ್ವಾಟದ ಕೂಲಿಗೆ ಓಗಿದ್ರು, ಅರ್ಧ ಜನ ವಾಪಸ್ ಬರ್ನೇ ಇಲ್ಲ. ಅದ್ಕೇ ಕೇಳ್ದೆ ಕಣ, ತೆಪ್ಪು ತಿಳ್ಕಬ್ಯಾಡಿ."

ತೆಪ್ಪು ತಿಳಿದುಕೊಳ್ಳುವುದೇನು ಬಂತು. ಊರಿನ ಎಲ್ಲರೂ ಮದುವೆಗೆ ಮುಂಚೆಯೇ ಹೇಳಿದ್ದರು. ಘಟ್ಟದ ಬಾಯಿಗೆ ಹೆಣ್ಣು ಕೊಡಬೇಡ ಚಂದ್ರಯ್ಯ, ಬಯಲಿನ ಮೈಗೆ ಆ ಹವೆ ಒಗ್ಗೋದಿಲ್ಲ. ಆದರೆ ಗಂಡಿನವರು ಮೋಟಾರಿನಲ್ಲಿ ಬಂದಿದ್ದರು. ಪೇಟೆಬೀದಿಯಲ್ಲಿ ಅಂಗಡಿಯ ಮುಂದೆಯೇ ಮೋಟಾರು ನಿಂತು, ಎದುರು ಸಾಲಿನವರೆಲ್ಲ ತಲೆ ಹೊರಗೆ ಹಾಕಿ ನೋಡಿದಾಗ ಚಂದ್ರಯ್ಯನಿಗೆ ಆದ ಸುಖ, ಥೂ, ಈಗ ನೆನೆದರೆ ಮೈ ಉರಿಯುತ್ತದೆ. ಆ ಸುಖಕ್ಕೆ ನೀಲನನ್ನು ಕೊಟ್ಟ. ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ಬಿಸಿಲು ಬರುತ್ತೇನಪ್ಪ?" ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಮೊದಲ ಸಲ ತವರಿಗೆ ಬಂದಾಗ ಅವಳೇ ಈ ಗಿಡ ತಂದದ್ದು. ಬಾಳೆಪಟ್ಟೆಯಲ್ಲಿ ಬೇರುಮಣ್ಣು ಸುತ್ತಿ, ಬಸ್ಸಿನಲ್ಲಿ ಹಾಸನದವರೆಗೂ, ಹಾಸನದಿಂದ ಇಲ್ಲಿವರೆಗೂ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು, ಸೀರೆಯೆಲ್ಲ ಕೆಸರು. "ಅಪ್ಪ, ನಿಮಗೆ ಗಿಡ ಅಂದ್ರೆ ಪ್ರಾಣ ಅಲ್ವಾ, ಅದಕ್ಕೆ. ನಮ್ಮ ಮನೆ ಮೇಲಿನ ಬೆಟ್ಟದ ನೆತ್ತೀಲಿ ಮಾತ್ರ ಇರೋದಂತೆ ಇದು, ಬೇರೆಲ್ಲೂ ಇಲ್ಲವಂತೆ. ಎಷ್ಟೋ ವರ್ಷಕ್ಕೆ ಒಂದ್ಸಲ ಹೂ ಬಿಡುತ್ತಂತೆ, ಬಿಟ್ಟರೆ ಬೆಟ್ಟವೆಲ್ಲ ನೀಲಿ." ನಮ್ಮ ಮನೆ ಅಂದಳು ಆ ಮನೆಯನ್ನು. ಚಂದ್ರಯ್ಯನಿಗೆ ಅವತ್ತು ಅದೂ ಸಂತೋಷವೇ. ಆಮೇಲೆ ಹಿಡಿಯಿತು ಅವನಿಗೆ ಗಿಡದ ಹುಚ್ಚು. ಮಾವಿನ ತೋಪಿನಿಂದ ಕೊಳೆತ ತರಗು ತರಿಸಿದ. ಅಳಿಯನಿಗೆ ಹೇಳಿಕಳಿಸಿ ಬೆಟ್ಟದ ಮಣ್ಣನ್ನೇ ಗೋಣಿಯಲ್ಲಿ ತರಿಸಿಕೊಂಡ, ಬಸ್ಸಿನ ಕಂಡಕ್ಟರು "ಏನ್ ಸಾ, ಮಣ್ಣಿಗೂ ಟಿಕೀಟಾ?" ಎಂದು ನಗೆಯಾಡಿದ. ಸೂರಿನ ನೀರು ಹಿಡಿದು ಹಂಡೆಗಳಲ್ಲಿ ತುಂಬಿಟ್ಟು ಅದನ್ನೇ ಎರೆದ. ಬೇಸಿಗೆಗೆ ತೆಂಗಿನ ಗರಿಯ ಚಪ್ಪರ ಹಾಕಿ, ಸುತ್ತ ಗೋಣಿ ಕಟ್ಟಿ, ಮಧ್ಯಾಹ್ನ ಅಂಗಡಿಯಿಂದ ಎದ್ದು ಬಂದು ಗೋಣಿಗೆ ನೀರು ಚಿಮುಕಿಸಿ ಹೋಗುತ್ತಿದ್ದ. ಗಿಡ ಬದುಕಿತು. ಒರಟು ಎಲೆ, ಗಂಟುಗಂಟಿನ ಕಡ್ಡಿ, ನೋಡಲಿಕ್ಕೆ ಏನೂ ಇಲ್ಲ; ಆದರೆ ಈ ಬಯಲು ಸೀಮೆಯಲ್ಲಿ ಯಾರ ಹಿತ್ತಿಲಲ್ಲೂ ಇಲ್ಲ. ಅಮಲ್ದಾರರು ನೋಡಲು ಬಂದರು. ಡಾಕ್ಟರು ಬಂದರು. "ಶಭಾಷ್ ಚಂದ್ರಯ್ಯ, ಬೆಟ್ಟವನ್ನೇ ಹಿತ್ತಿಲಿಗೆ ತಂದುಬಿಟ್ಟಿರಿ" ಅಂದರು. ಅವನು ಬೀಗಿದ. ಆ ಡಾಕ್ಟರು ಗಿಡ ನೋಡಿ, ಕಾಫಿ ಕುಡಿದು ಹೊರಟಾಗ, ನೀಲ ಒಳಗಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ಬೇಸಿಗೆಯಲ್ಲಿ ಕಂಬಳಿ. ಅದು ಅವಳು ತವರಿಗೆ ಕೊನೆಯ ಸಲ ಬಂದಿದ್ದಾಗ.

"ಅವಳನ್ನೂ ಒಂದು ಸಲ ನೋಡಿ ಅನ್ನಬಾರದಾಗಿತ್ತಾ?" ದಾಕ್ಷಾಯಣಮ್ಮ ಆಮೇಲೆ ಕೇಳಿದ್ದಳು. ಅನ್ನಬಹುದಾಗಿತ್ತು. ಆದರೆ ದೊಡ್ಡ ಮನುಷ್ಯರು ಗಿಡ ನೋಡಲು ಬಂದ ಹೊತ್ತಿನಲ್ಲಿ ಮನೆಯ ಕಾಯಿಲೆ ಕಸಾಲೆ ಹೇಳಿಕೊಳ್ಳುವುದು ಹೇಗೆ? ಅಷ್ಟೊಳ್ಳೆ ಕಡೆ ಮಗಳನ್ನು ಕೊಟ್ಟಿದ್ದೀನಿ ಎಂದು ಅವರ ಮುಂದೆಯೇ ಹೇಳಿಕೊಂಡಿದ್ದವನು. ನಾಳೆ ಕರೆಸಿದರಾಯಿತು ಅಂದುಕೊಂಡ. ನಾಳೆ ಬನ್ನಿ. ಥತ್.

ಒಳಗೆ ಒಗ್ಗರಣೆಯ ಸದ್ದಾಯಿತು. ಬೀಗರು ಬರುವ ದಿನವೆಂದು ಹೋಳಿಗೆ ಏನೂ ಇರಲಿಲ್ಲ. ದಾಕ್ಷಾಯಣಮ್ಮ ದಿನದ ಸಾರು, ದಿನದ ಮುದ್ದೆಗೇ ಒಲೆ ಹಚ್ಚಿದ್ದಳು. ಅದೇ ಅವಳ ಮಾತು. ಅವಳು ಗಂಡನ ಜೊತೆ ಬೇಕಾದಷ್ಟೇ ಆಡುತ್ತಾಳೆ. ಊಟಕ್ಕೆ ಬನ್ನಿ, ನೀರು ಕಾದಿದೆ. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು. ರೇವ ನಡುಮನೆಯಲ್ಲಿ ಮೊರದ ಮುಂದೆ ಕೂತಿದ್ದಳು. ಹದಿನಾರು ತುಂಬಿದ ಹುಡುಗಿ, ಅಕ್ಕನ ಹಾಗೆಯೇ ದುಂಡು ಮುಖ. ಅಪ್ಪ ಬಂದದ್ದು ಗೊತ್ತಾಗಿಯೂ ತಲೆ ಎತ್ತಲಿಲ್ಲ. ಕಾಳಿನಲ್ಲಿ ಕಲ್ಲು ಹುಡುಕುತ್ತಿದ್ದ ಬೆರಳು ಮಾತ್ರ ನಿಂತುಹೋಯಿತು. ಏನಾದರೂ ಹೇಳಬೇಕೆಂದು ನಿಂತ. "ಸೀರೆ ಬದಲಾಯಿಸ್ಕೊಳ್ಳಮ್ಮ, ಬಂದೋರ ಮುಂದೆ..." ಎಂದು ಬಾಯಿಗೆ ಬಂತು, ಅಂದೇಬಿಟ್ಟ. ಹುಡುಗಿ ಎದ್ದಳು, ಮೊರ ತೆಗೆದುಕೊಂಡು ಒಳಗೆ ಹೋದಳು. ಒಲೆಯ ಹತ್ತಿರದಿಂದ ದಾಕ್ಷಾಯಣಮ್ಮನ ದನಿ ಕೇಳಿತು: "ಯಾವ ಸೀರೇನೂ ಬೇಡ. ಹಿಂಗೇ ಇರು." ಯಾರಿಗೆ ಹೇಳಿದಳೋ. ಚಂದ್ರಯ್ಯ ತನ್ನ ಮನೆಯ ನಡುಮನೆಯಲ್ಲೇ ಪರಸ್ಥಳದವನ ಹಾಗೆ ನಿಂತುಕೊಂಡಿದ್ದ.

ಅವರು ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಗುಂಡಯ್ಯನ ಜರಿಪೇಟದ ಮೇಲೆಲ್ಲ ಇದ್ದಿಲ ಧೂಳು. ಕಾಲು ತೊಳೆದು ಬಂದು ಜಗಲಿಯ ಜಮಖಾನೆಯ ಮೇಲೆ ಪಟ್ಟಾಗಿ ಕೂತು, ಬಸ್ಸನ್ನು ಬೈದ, ಜಪಾನಿನವರನ್ನು ಬೈದ, ಸರ್ಕಾರವನ್ನು ಬೈದ. ಗೌರೀಶಂಕರ ಕಂಬದ ಮರೆಗೆ ಕೂತ. ಚಂದ್ರಯ್ಯ ಅಳಿಯನ ಕಡೆ ನೋಡಿದ. ಕಣ್ಣು ಹಳದಿ, ಕೆನ್ನೆ ಒಳಗೆ ಹೋಗಿತ್ತು. ಅವನನ್ನೂ ಅದೇ ಜ್ವರ ಬಿಟ್ಟಿರಲಿಲ್ಲ. ಮದುವೆಯಲ್ಲಿ ಇವನ ಭುಜ ನೋಡಿ ಹೆಂಗಸರೆಲ್ಲ ಹೊಗಳಿದ್ದರು. "ಚೆನ್ನಾಗಿದ್ದೀರಾ ಮಾವ?" ಅಂದ, ಆಮೇಲೆ ನೆಲ ನೋಡುತ್ತ ಕೂತುಬಿಟ್ಟ. ಇವನ ಮೇಲೆ ಸಿಟ್ಟು ಮಾಡಬೇಕೆಂದು ಚಂದ್ರಯ್ಯ ಎಷ್ಟೋ ದಿನದಿಂದ ಕೂಡಿಟ್ಟುಕೊಂಡಿದ್ದ. ಈಗ ನೋಡಿದರೆ ಅದೂ ಕೈಗೆ ಸಿಗಲಿಲ್ಲ.

"ನಡೀರಿ ಬೀಗರೆ, ಮೊದಲು ನಮ್ಮ ಬೆಟ್ಟದ ಗಿಡ ತೋರಿಸಿ" ಎಂದ ಗುಂಡಯ್ಯ. ಮೂವರೂ ಹಿತ್ತಿಲಿಗೆ ಹೋದರು. ಅಡಿಗೆಮನೆಯ ಕಿಟಕಿ ಹಿತ್ತಿಲಿಗೇ ತೆರೆದಿತ್ತು. ಒಳಗೆ ಪಾತ್ರೆಯ ಸದ್ದು ನಿಂತಿತು. ಗುಂಡಯ್ಯ ಗಿಡದ ಸುತ್ತ ಒಂದು ಸುತ್ತು ಬಂದ. ಕಂದಿದ ಅಂಚು, ಬುಡದ ಬೂದಿ ಅವನ ಕಣ್ಣಿಗೆ ಬೀಳಲಿಲ್ಲ. ಎದೆಯುದ್ದ ಬೆಳೆದದ್ದು ಮಾತ್ರ ಬಿತ್ತು.

"ಭಲೆ! ನಮ್ಮೂರಲ್ಲೇ ಬೆಟ್ಟದಿಂದ ಕೆಳಗೆ ತಂದರೆ ಹತ್ತೋದಿಲ್ಲ ಇದು. ಬೀಗರೆ, ನಿಮ್ಮ ಕೈಗುಣ ಅಂದ್ರೆ ಕೈಗುಣ ಕಣ್ರೀ." ಆಮೇಲೆ ದನಿ ಸ್ವಲ್ಪ ತಗ್ಗಿಸಿ, ಚಂದ್ರಯ್ಯನ ಹೆಗಲ ಮೇಲೆ ಕೈ ಹಾಕಿದ. "ನೋಡಿ, ಆದದ್ದು ಆಯ್ತು. ಹಣೇಲಿ ಬರೆದಿತ್ತು. ಈಗ ರೇವಮ್ಮನ ವಿಷಯ. ನಿಮ್ಮ ಮನಸಲ್ಲಿ ಏನಿದೆ ಅಂತ ನಂಗೆ ಗೊತ್ತು. ಅದಕ್ಕೆ ಈ ಗಿಡಾನೇ ಉತ್ತರ ಹೇಳ್ತಿದೆ. ಬೆಟ್ಟದ್ದು ಬಂದು ನಿಮ್ಮ ಬಯಲಲ್ಲಿ ಹೊಂದ್ಕೊಳ್ಳಲಿಲ್ವಾ? ಹಂಗೇ ನಿಮ್ಮ ಹುಡುಗೀನೂ ನಮ್ಮಲ್ಲಿ ಹೊಂದ್ಕೋತಾಳೆ. ಎಲ್ಲ ಮೊದಮೊದಲು ಕಷ್ಟ."

ಈ ಮಾತನ್ನು ಚಂದ್ರಯ್ಯ ಕೇಳಿದ್ದ. ಎಲ್ಲಿ? ಇದೇ ಹಿತ್ತಿಲಲ್ಲಿ. ಇಲ್ಲಿಯೇ ಚಪ್ಪರದ ನೆರಳಿನಲ್ಲಿ ನೀಲ ಕುಕ್ಕರಗಾಲಲ್ಲಿ ಕೂತಿದ್ದಳು, ಗಿಡಕ್ಕೆಂದು ಹಾಕಿದ ನೆರಳಿನಲ್ಲಿ. ಕೈಕಾಲು ಕಡ್ಡಿ, ಹೊಟ್ಟೆಯ ಎಡಗಡೆ ಮಾತ್ರ ಚಳಿಜ್ವರದ ಗಡ್ಡೆ ಕಟ್ಟಿ ಉಬ್ಬಿತ್ತು. ಮಾರನೆಯ ದಿನ ಅವಳನ್ನು ಕಳಿಸುವುದೆಂದು ಆಗಿತ್ತು, ದಿನ ಚೆನ್ನಾಗಿತ್ತು. "ಅಪ್ಪ, ನಾನು ಇಲ್ಲೇ ಇರ್ತೀನಿ. ಈ ಮಳೆಗಾಲ ಒಂದು ಇದ್ದು ಹೋಗ್ತೀನಿ. ಅಲ್ಲಿ ಜ್ವರಕ್ಕೆ ಕೊಯ್ನೈನು ಮಾತ್ರೇನೂ ಸಿಗ್ತಿಲ್ಲ, ಯುದ್ಧ ಅಂತೆ." ಎಂದೂ ಏನೂ ಬೇಡದವಳು. ಕಾಲು ಹಿಡಿದುಕೊಳ್ಳಲಿಲ್ಲ, ಅಳಲೂ ಇಲ್ಲ. ಅವನ ಪಂಚೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದಳು, ಸಣ್ಣವಳಿದ್ದಾಗ ಪೇಟೆಬೀದಿಯಲ್ಲಿ ಹಿಡಿದುಕೊಳ್ಳುತ್ತಿದ್ದ ಹಾಗೆ. ಬೀಗರು ಏನಂದುಕೊಂಡಾರು, ಊರು ಏನಂದೀತು, ಇಷ್ಟು ದೊಡ್ಡ ಮನೆಗೆ ಕೊಟ್ಟು ಮಗಳನ್ನು ಮನೆಯಲ್ಲಿ ಕೂರಿಸಿಕೊಂಡ ಅಂದರೆ ಮುಖ ಎಲ್ಲಿಡುವುದು. ಆಗ ಅವನು ಅಂದ. ಗೋಣಿಗೆ ನೀರು ಚಿಮುಕಿಸುತ್ತ, ಕೈ ನಿಲ್ಲಿಸದೆ, ಅಂದ. "ಈ ಗಿಡ ನೋಡವ್ವ. ಎಲ್ಲಿಂದ ಎಲ್ಲಿಗೆ ಬಂದು ಹೊಂದ್ಕೊಳ್ಳಲಿಲ್ವಾ? ನೀನೂ ಹೊಂದ್ಕೋಬೇಕು." ನೀಲ ಗಿಡವನ್ನು ನೋಡಿದಳು. ಚಪ್ಪರ ನೋಡಿದಳು. ಹಂಡೆ ನೋಡಿದಳು. ಪಂಚೆಯ ತುದಿ ಬಿಟ್ಟಳು. "ಹೂಂ ಅಪ್ಪ" ಅಂದಳು. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಅವನಿಗೆ ನೆನಪಿಲ್ಲ, ಎಷ್ಟು ತಿಣುಕಿದರೂ ಬರುವುದಿಲ್ಲ. ಅವತ್ತು ಗಿಡಕ್ಕೆ ಹೊಸ ಚಿಗುರು ಬಂದದ್ದು ಮಾತ್ರ ನೆನಪಿದೆ. ಸುದ್ದಿ ಬಂದು, ಬಸ್ಸು ಹಿಡಿದು ತಲುಪುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

"ಏನಂತೀರಿ ಬೀಗರೆ? ಊಟಕ್ಕೆ ಮುಂಚೆ ವೀಳ್ಯ ಬದಲಾಯಿಸಿಬಿಡೋಣ್ವಾ?" ಗುಂಡಯ್ಯನ ಕೈ ಇನ್ನೂ ಹೆಗಲ ಮೇಲೇ ಇತ್ತು.

ಚಂದ್ರಯ್ಯನ ನಾಲಗೆಗೆ ಹಳೆಯ ಮಾತುಗಳೆಲ್ಲ ಸಾಲಾಗಿ ಬಂದವು. ನೋಡೋಣ, ಆಷಾಢ ಕಳೀಲಿ, ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ. ಕಿಟಕಿಯ ಸರಳಿನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು, ತಾಯಿಯೋ ಮಗಳೋ.

"ಇಲ್ಲ" ಅಂದ.

"ಏನು?"

"ಇಲ್ಲ. ಕೊಡೋದಿಲ್ಲ. ರೇವನ್ನ ಕೊಡೋದಿಲ್ಲ ಕಣ್ರೀ."

ಗುಂಡಯ್ಯ ಕೈ ತೆಗೆದ. ಮುಖ ಕಪ್ಪಿಟ್ಟಿತು. "ಕರೆಸಿ ಅವಮಾನ ಮಾಡ್ತೀರಾ? ಬನ್ನಿ ಅಂದೋರು ನೀವೇ ಅಲ್ವಾ?" ಹೌದು, ನಾನೇ. "ಇದ್ದದ್ದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು ದಾಡಿ?" ಅದೂ ನಿಜ, ಏನಾಗಿತ್ತು ದಾಡಿ. ಚಂದ್ರಯ್ಯ ಎಲ್ಲಕ್ಕೂ ತಲೆಯಾಡಿಸಿದ. "ಈ ಮನೇಲಿ ನಾನು ಒಂದು ಗುಟುಕು ನೀರು ಮುಟ್ಟಿದರೆ ಕೇಳಿ!" ಎಂದು ಗುಂಡಯ್ಯ ಪೇಟ ಸರಿಮಾಡಿಕೊಂಡು, ಜಗಲಿ ದಾಟಿ, ಬೀದಿಗಿಳಿದೇಬಿಟ್ಟ. ಬೀಗರು ಉಣ್ಣದೆ ಹೋದರು ಎಂದು ನಾಳೆ ಪೇಟೆಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಕಣಗಿಲೆಯ ಮೇಲೆ ಗುಬ್ಬಿಗಳು ಕೂಗುತ್ತಿದ್ದವು. ಇಷ್ಟೇನಾ? ಎರಡಕ್ಷರ. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟೂ ಹೊತ್ತು ಹಿಡಿಯಲಿಲ್ಲ.

ಗೌರೀಶಂಕರ ಹೋಗಿರಲಿಲ್ಲ. ಗಿಡದ ಪಕ್ಕದಲ್ಲೇ ನಿಂತಿದ್ದ. ಇವನು ಬೈದರೂ ಸರಿ ಎಂದು ಚಂದ್ರಯ್ಯ ಎದುರಿಗೆ ಹೋಗಿ ನಿಂತ. ಅಳಿಯ ಬಗ್ಗಿ ಅವನ ಕಾಲು ಮುಟ್ಟಿದ.

"ಒಳ್ಳೇದು ಮಾಡಿದ್ರಿ ಮಾವ. ನಂಗೆ ಬೇಕಿರಲಿಲ್ಲ. ದೊಡ್ಡಪ್ಪನ ಮುಂದೆ ಬಾಯಿ ಬಿಡೋ ಧೈರ್ಯ ನಂಗಿಲ್ಲ."

"ಮೈ ನೋಡ್ಕೊಳ್ಳಪ್ಪ" ಅಂದ ಚಂದ್ರಯ್ಯ.

ಗೌರೀಶಂಕರ ಎರಡು ಹೆಜ್ಜೆ ಹೋಗಿ ನಿಂತ. ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದ. "ಅವತ್ತೂ ಹಂಗೇ ಮಾವ. ಅವಳು ಇನ್ನೊಂದು ಮಳೆಗಾಲ ಅಲ್ಲಿ ತಡೆಯೋದಿಲ್ಲ ಅಂತ ನಂಗೆ ಗೊತ್ತಾಗಿತ್ತು. ತವರಲ್ಲಿ ಬಿಟ್ಟುಬಿಡ್ತೀನಿ ಅಂತ ನಮ್ಮ ಮನೇಲಿ ಹೇಳೋಕಾಗಲಿಲ್ಲ. ನೋಡ್ಕೊಂಡು ಬರಲಿ ಅಂತ ನೆವ ಮಾಡಿ ನಿಮ್ಮಲ್ಲಿಗೆ ಕಳಿಸ್ದೆ. ನೀವು ನೋಡಿದ ತಕ್ಷಣ ಇಟ್ಕೊಂಡುಬಿಡ್ತೀರಿ, ವಾಪಸ್ ಕಳಿಸೋದಿಲ್ಲ ಅಂತಾನೇ ಕಳಿಸಿದ್ದು." ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡ. "ಆ ಸಂಜೆ ಅವಳು ವಾಪಸ್ ಬಂದು ಬಸ್ಸಿಂದ ಇಳಿದಾಗ... ಬತ್ತೀನಿ ಮಾವ. ದೊಡ್ಡಪ್ಪ ಕಾಯ್ತಿರ್ತಾರೆ."

ಅವನು ಹೋದ. ಚಂದ್ರಯ್ಯ ಬಾವಿಕಟ್ಟೆಯ ಮೇಲೆ ಕೂತ, ಎದ್ದ, ಮತ್ತೆ ಕೂತ. ನೀಲನಿಗೆ ಗೊತ್ತಿತ್ತೇ? ಗಂಡ ಅವಳಿಗೆ ಹೇಳಿ ಕಳಿಸಿದ್ದನೇ, ಅಪ್ಪ ಇಟ್ಟುಕೊಳ್ಳುತ್ತಾರೆ ಹೋಗು ಎಂದು? ಕೇಳಬೇಕಾಗಿತ್ತು. ಓಡಿಹೋಗಿ ಬಸ್ಸಿನ ಹತ್ತಿರ ಕೇಳಬಹುದು ಈಗಲೂ. ಕಾಲು ಏಳಲಿಲ್ಲ. ಗೊತ್ತಿತ್ತು ಅಂದುಬಿಟ್ಟರೆ?

"ಬನ್ನಿ ಊಟಕ್ಕೆ" ಎಂದಳು ದಾಕ್ಷಾಯಣಮ್ಮ. ಬಾಗಿಲಿಂದಲ್ಲ, ಹತ್ತಿರಕ್ಕೇ ಬಂದು ಅಂದಳು. ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಎಲೆ ಹಾಕಿತ್ತು, ಪಕ್ಕದಲ್ಲಿ ಮಣೆ. ಅವನಿಗೆಂದು ಅಷ್ಟರಲ್ಲೇ ಒಂದು ತುಪ್ಪದ ಮಿಳ್ಳೆಯೂ ಬಂದಿತ್ತು. ರೇವ ಬಡಿಸಿದಳು, ಸಾರು ಹಾಕುವಾಗ ಕೈಬಳೆ ಘಲ್ಲೆಂದು, ಏನೂ ಇಲ್ಲದ್ದಕ್ಕೆ ತಾನೇ ನಕ್ಕಳು. ದಾಕ್ಷಾಯಣಮ್ಮ ಎದುರಿಗೆ ಕೂತು ಬೀಸಣಿಗೆ ಬೀಸಿದಳು.

"ಅಳಿಯಂದಿರು ಏನೋ ಹೇಳ್ತಿದ್ರಲ್ಲ, ಬೇಜಾರು ಮಾಡ್ಕೊಂಡ್ರಾ?"

ಹೇಳಬೇಕು ಎಂದು ಬಾಯಿ ತೆರೆದ. ಅವಳ ಕಣ್ಣು ಅವನ ಮೇಲೇ ಇತ್ತು, ಒಂದಿಷ್ಟೂ ಕಹಿಯಿರಲಿಲ್ಲ ಅದರಲ್ಲಿ.

"ಏನಿಲ್ಲ. ಬಸ್ಸಿನ ವಿಷಯ."

"ಪಾಪ, ಒಳ್ಳೇ ಹುಡುಗ." ಬೀಸಣಿಗೆ ಬೀಸುತ್ತಲೇ ಇದ್ದಳು. "ನಾನು ನಿಮ್ಮನ್ನ ಮನಸಲ್ಲೇ ಎಷ್ಟು ಶಪಿಸಿದೀನಿ ಗೊತ್ತಾ? ಇವತ್ತು ಎಲ್ಲ ಕಳೀತು ಅನ್ಕೊಳ್ಳಿ. ಪಾಪ, ನಿಮಗಾದ್ರೂ ಏನು ಗೊತ್ತಿತ್ತು ಅವಾಗ."

ಚಂದ್ರಯ್ಯ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅಳು ಬಂತು, ಮುದುಕರ ಹಾಗೆ, ಮೂಗು ಬಾಯಿ ಎಲ್ಲ ಸೋರಿಕೊಂಡು ಬಂತು. ರೇವ ಸೌಟು ಹಿಡಿದು ನಿಂತುಬಿಟ್ಟಳು. ದಾಕ್ಷಾಯಣಮ್ಮ ಬೀಸಣಿಗೆ ಕೆಳಗಿಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು.

"ಸುಮ್ನಿರಿ, ಸುಮ್ನಿರಿ. ಇನ್ನೇನು ಆಯ್ತಲ್ಲ. ಮಗಳನ್ನ ಉಳಿಸ್ಕೊಂಡ್ರಿ" ಎಂದು, ಅವನ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದಳು.